ಬರೆಯುವ ಸೊಸೆಗೆ ನಾನು ಒದಗಿಸಿದ ನಿಶ್ಶಬ್ದ

ಭಾದ್ರಪದದ ಒಂದು ಗುರುವಾರ, ಮುಂಜಾನೆ ಏಳು ಗಂಟೆ. ಸ್ಥಳ: ಗಜೇಂದ್ರಗಡದ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು: ನಿವೃತ್ತ ಮುಖ್ಯೋಪಾಧ್ಯಾಯಿನಿಯಾದ ನಾನು, ಅಂಚೆ ಕಚೇರಿಯಿಂದ ನಿವೃತ್ತರಾಗಿ ಆರಾಮ ಕುರ್ಚಿಗೆ ವರ್ಗವಾಗಿರುವ ನನ್ನ ಯಜಮಾನರು, ಸೊಸೆ ಶೈಲಾ, ಅವಳ ತೊಡೆಯ ಮೇಲೆ ಏಳು ತಿಂಗಳ ಮೊಮ್ಮಗಳು ಗೌರಿ. ಗೈರುಹಾಜರಿ: ಮಗ ಬಸವರಾಜ. ಅವನು ರೋಣದ ಕಾಲೇಜಿನಲ್ಲಿ ಪಾಠ ಹೇಳಲು ಆಗಲೇ ಬಸ್ಸು ಹತ್ತಿದ್ದ.

ಚರ್ಚೆಯ ವಿಷಯ: ಶೈಲಾಳ ಕಥೆ.

ಶೈಲಾ ಕಥೆ ಬರೆಯುತ್ತಾಳೆ. ಮದುವೆಗೆ ಮುಂಚೆ ಅವಳ ಕಥೆಗಳು ಅಚ್ಚಾಗಿದ್ದವು. ಗೌರಿ ಹುಟ್ಟಿದ ಮೇಲೆ ಒಂದೂ ಇಲ್ಲ. ಈಗ ಪತ್ರಿಕೆಯೊಂದು ದೀಪಾವಳಿ ವಿಶೇಷಾಂಕಕ್ಕೆ ಕಥೆ ಕೇಳಿತ್ತು. ಒಮ್ಮೆ ಗಡುವು ಮೀರಿ, ಇನ್ನೊಮ್ಮೆಯೂ ಮೀರಿ, ಸಂಪಾದಕರು ಕೊನೆಯದಾಗಿ ಕೊಟ್ಟ ಗಡುವು ಇದೇ ಗುರುವಾರ ಸಂಜೆ ಐದು ಗಂಟೆ. ಕಥೆಯ ಕಡೆಯ ಭಾಗ ಇನ್ನೂ ಬಾಕಿ. ಹಿಂದಿನ ದಿನ ಅಡುಗೆಮನೆಯಲ್ಲಿ ಅವಳು ಗಂಡನಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿದ್ದಿತ್ತು: "ಇದೂ ತಪ್ಪಿದ್ರ, ಇನ್ನ ನನ್ನ ಕೈಲೆ ಬರಿಯಾಕ ಆಗಂಗಿಲ್ಲ ಅಂತ ನಾನ ಒಪ್ಪಿಕೊಂಡ್ಹಂಗ."

ಅದನ್ನು ಕೇಳಿ ನನಗೆ ಸಂಕಟವಾಯಿತು. ನಾನು ಸಂಕಟವಾದರೆ ಅಳುವವಳಲ್ಲ, ವೇಳಾಪಟ್ಟಿ ಹಾಕುವವಳು. ಜೀವಮಾನವಿಡೀ ಗಂಟೆ ಬಾರಿಸಿ ಶಾಲೆ ನಡೆಸಿದ್ದೇನೆ. ಒಬ್ಬ ಲೇಖಕಿ, ಒಂದು ಕೂಸು. ಇದೇನು ದೊಡ್ಡ ತರಗತಿಯೇ?

"ಶೈಲಾ, ಇವತ್ತ ಮಧ್ಯಾಹ್ನದ ಮಟಾ ನೀ ಲೇಖಕಿ. ತಾಯಿ ಅಲ್ಲ. ಕೂಸಿನ ಖಾತೆ ನಂದು," ಎಂದೆ.

"ಹಂಗ ಬ್ಯಾರೆಬ್ಯಾರೆ ಮಾಡಾಕ ಬರಂಗಿಲ್ಲರಿ ಅತ್ತಿಯಾರ."

"ಟೈಮ್‌ಟೇಬಲ್ ಇದ್ರ ಎಲ್ಲಾ ಬರ್ತೈತಿ."

ಯಜಮಾನರು ಪತ್ರಿಕೆಯ ಹಿಂದಿನಿಂದ ಹೇಳಿದರು: "ಹೋಗವಾ ಶೈಲವ್ವ, ಈಕಿ ಗಂಟಿ ಬಾರಸೂದ್ರೊಳಗ ಹೋಗಿ ಕುಂತಬಿಡು. ನಾ ಹಂಗ ಮಾಡೇ ಇಷ್ಟ ವರ್ಷ ಬದುಕೀನಿ."

ಮಹಡಿಯ ಕೋಣೆಯನ್ನು ನಾನು ಹಿಂದಿನ ದಿನವೇ ಸಿದ್ಧಗೊಳಿಸಿದ್ದೆ. ಮೇಜು, ಕುರ್ಚಿ, ಬಿಳಿ ಹಾಳೆಗಳ ಕಟ್ಟು, ಪೆನ್ನುಗಳು, ತಾಮ್ರದ ತಂಬಿಗೆಯಲ್ಲಿ ನೀರು. ಪರೀಕ್ಷೆಗೆ ಕೂರುವ ಮಗುವಿಗೆ ಇನ್ನೇನು ಬೇಕು? ಶೈಲಾಳನ್ನು ಕೂರಿಸಿ, ಅವಳ ಕೈಯಲ್ಲಿದ್ದ ಫೋನನ್ನು ಜಪ್ತಿ ಮಾಡಿದೆ.

"ಅತ್ತಿಯಾರ, ಅದರಾಗ..."

"ಅದರಾಗ ಏನಿರ್ತೈತಿ ಅಂತ ನನಗ ಗೊತ್ತೈತಿ. ಮಂದಿ ಮದವಿ ಫೋಟೋ. ಬರಿಯೂ ಹೊತ್ತಿನ್ಯಾಗ ಮಾತು ಇಲ್ಲ."

ಒಳಗಿನಿಂದ ಚಿಲಕ ಹಾಕಿಕೊಂಡರೆ ಕೂಸು ಅತ್ತ ಕೂಡಲೇ ತೆಗೆದುಬಿಡುತ್ತಾಳೆ. ಆದ್ದರಿಂದ ಹೊರಗಿನಿಂದ ಹಾಕಿದೆ. ಬಾಗಿಲು ಬಡಿದರೂ ತೆಗೆಯತಕ್ಕದ್ದಲ್ಲ ಎಂದು ನನಗೆ ನಾನೇ ನಿಯಮ ವಿಧಿಸಿಕೊಂಡೆ. ನಾನು ಮೆಟ್ಟಿಲು ಇಳಿದು ಮುಗಿಸುವ ಮೊದಲೇ ಬಾಗಿಲು ಬಡಿಯುವ ಸದ್ದು ಕೇಳಿತು. ನನ್ನ ಮುಂದಾಲೋಚನೆಯ ಬಗ್ಗೆ ನನಗೇ ಗೌರವ ಮೂಡಿತು.

ಶಿಸ್ತು ಎಲ್ಲರಿಗೂ ಒಂದೇ. ಹಾಗಾಗಿ ನನ್ನ ಫೋನು, ಯಜಮಾನರ ಫೋನು, ಸೊಸೆಯ ಫೋನು ಮೂರನ್ನೂ ಬಂದ್ ಮಾಡಿ, ಜೋಳದ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದೆ. ಗೌರಿ ತೊಟ್ಟಿಲಲ್ಲಿ ನಿದ್ದೆ ಹೋಗಿದ್ದಳು. ಎಲ್ಲವೂ ವೇಳಾಪಟ್ಟಿಯ ಪ್ರಕಾರವೇ ಇತ್ತು.

ಆಗ ನನ್ನ ಕಿವಿಗೆ ಪಕ್ಕದ ಮನೆಯ ಮಗ್ಗದ ಸದ್ದು ಬಿತ್ತು.

ನಮ್ಮದು ನೇಕಾರರ ಓಣಿ. ಸೀರೆ ನೇಯುವ ಕೈಮಗ್ಗಗಳು ಮುಂಜಾನೆಯಿಂದ ಖಟಕ್ ಪಟಕ್ ಎನ್ನುತ್ತಲೇ ಇರುತ್ತವೆ. ಇಷ್ಟು ವರ್ಷ ಅದು ನನಗೆ ಸದ್ದು ಅನ್ನಿಸಿಯೇ ಇರಲಿಲ್ಲ. ಆ ದಿನ ಅನ್ನಿಸಿತು. ಇಂಥ ಗದ್ದಲದಲ್ಲಿ ಸಾಹಿತ್ಯ ಹೇಗೆ ಹುಟ್ಟೀತು? ಸೀದಾ ಈರಪ್ಪನ ಮನೆಗೆ ನಡೆದೆ. ಅವನು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ. ಹೆಂಡತಿ ನಾಗವ್ವ ನೂಲು ಸುತ್ತುತ್ತಿದ್ದಳು.

"ಈರಪ್ಪಾ, ಮಧ್ಯಾಹ್ನದ ಮಟಾ ಮಗ್ಗ ನಿಂದರಸಪಾ," ಎಂದೆ.

ಅವನ ಕೈ ನಿಂತಿತು. "ಇವತ್ತ ಅಮಾಸಿ ಸೂಟಿ ಅಲ್ಲಲ್ರಿ ಅಕ್ಕೋರ. ಸುಮ್ಮಸುಮ್ಮನ ಮಗ್ಗ ನಿಂತ್ರ ಓಣಿ ಮಂದಿ..."

"ನೀ ನನ್ನ ಕೈಯಾಗ ಕಲತಾಂವ. ಎದರ ಮಾತಾಡಬ್ಯಾಡ."

"ಹೂಂನ್ರಿ ಅಕ್ಕೋರ." ಅವನು ಮೇಲೆದ್ದು ಸೊಂಟ ಹಿಡಿದುಕೊಂಡ. "ನಡಿ ನಾಗವ್ವಾ, ಹೆಂಗಿದ್ರೂ ಕೈ ಖಾಲಿ ಅದಾವು. ನನ್ನ ನಡ ತೋರಿಸ್ಕೊಂಡು ಬರೂಣು."

ಗಂಡ ಹೆಂಡತಿ ಬಾಗಿಲಿಗೆ ಬೀಗ ಹಾಕಿ ಲಗುಬಗೆಯಿಂದ ಹೊರಟರು. ಎದುರುಮನೆಯ ಗಂಗವ್ವ ಎಲ್ಲಿಗೆ ಎಂದು ಕೇಳಿದ್ದಕ್ಕೆ ನಾಗವ್ವ ಓಡುತ್ತಲೇ ಹೇಳಿದಳಂತೆ: "ದವಾಖಾನಿಗೆ ಹೊಂಟೇವಿ. ಅಕ್ಕೋರು ತಾವ ಬಂದು ಮಗ್ಗ ನಿಂದರಸು ಅಂದ್ರು."

ಇದು ನನಗೆ ತಿಳಿದದ್ದು ಆಮೇಲೆ. ಆ ಹೊತ್ತಿಗೆ ನಾನು ಮನೆಯಲ್ಲಿ ಇನ್ನೊಂದು ಆಘಾತದಲ್ಲಿದ್ದೆ. ಮಗ್ಗ ನಿಂತದ್ದೇ ತಡ, ಗೌರಿ ಕಣ್ಣು ಬಿಟ್ಟಳು. ಸುತ್ತ ನೋಡಿದಳು. ಬಾಯಿ ತೆರೆದಳು. ಹುಟ್ಟಿದಂದಿನಿಂದ ಆ ಸದ್ದಿನಲ್ಲೇ ನಿದ್ದೆ ಮಾಡಿದ ಕೂಸು ಅದು. ಲೋಕವೇ ನಿಂತಿತೆಂದು ತಿಳಿಯಿತೋ ಏನೋ, ನಾನು ನನ್ನ ಸೇವಾವಧಿಯಲ್ಲಿ ಕೇಳಿರದ ಸ್ವರದಲ್ಲಿ ಅತ್ತಿತು.

ರಾಗಿ ಗಂಜಿ ಕುಡಿಸಲು ಹೋದೆ. ಗಂಜಿ ನನ್ನ ಕಣ್ಣಿಗೆ ಬಂತು. ಎತ್ತಿಕೊಂಡೆ. ನನ್ನ ತುರುಬು ಅವಳ ಕೈಗೆ ಬಂತು. ಜೋಗುಳ ಹಾಡೋಣವೆಂದರೆ ನನಗೆ ಒಂದೂ ಬರುವುದಿಲ್ಲ. ನನ್ನ ಮಗನನ್ನು ನನ್ನ ಅತ್ತೆಯೇ ಸಾಕಿದ್ದರು, ನಾನು ಶಾಲೆಗೆ ಹೋಗುತ್ತಿದ್ದೆ. ಬಾಯಿಪಾಠ ಇದ್ದದ್ದು ಮಗ್ಗಿ. ಅದನ್ನೇ ರಾಗವಾಗಿ ಹೇಳಿದೆ. ಹದಿಮೂರರ ಮಗ್ಗಿಗೆ ಕೂಸು ನೀಲಿಗಟ್ಟಿತು.

"ಹದಿಮೂರರ ಮಗ್ಗಿಗೆ ನಿನ್ನ ವರ್ಗದಾಗ ಎಲ್ಲಾರೂ ಅಳತಿದ್ರು ಬಿಡು," ಎಂದರು ಯಜಮಾನರು. ಆ ಮೇಲೆ ಅಳು ತಾಳಲಾರದೆ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು, ಪಡಸಾಲೆಯ ಚಾಪೆಯ ಮೇಲೆ ಉದ್ದಕ್ಕೆ ಮಲಗಿ, ಬಿಳಿ ಧೋತರವನ್ನು ಮುಖದ ತುಂಬ ಎಳೆದುಕೊಂಡರು. ಮಹಡಿಯಿಂದ "ಅತ್ತಿಯಾರ, ಅತ್ತಿಯಾರ" ಎಂಬ ಕೂಗು ಬರುತ್ತಲೇ ಇತ್ತು. ನಾನು ನಿಯಮ ಮುರಿಯಲಿಲ್ಲ. ಹೊತ್ತು ನೆತ್ತಿಗೇರುವಷ್ಟರಲ್ಲಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಮೇಲೆ ಕುಸಿದೆ. ತುರುಬು ಬಿಚ್ಚಿತ್ತು. ಗಂಜಿ ಬಿದ್ದ ಕಣ್ಣು ಕೆಂಪಾಗಿ ನೀರಿಳಿಯುತ್ತಿತ್ತು.

ಆಗ ಒಂದು ವಿಚಿತ್ರ ಗಮನಕ್ಕೆ ಬಂತು. ಈರಪ್ಪನ ಮಗ್ಗ ಮಾತ್ರವಲ್ಲ, ಇಡೀ ಓಣಿಯ ಮಗ್ಗಗಳು ನಿಂತಿದ್ದವು. ಆಹಾ, ಸಾಹಿತ್ಯಕ್ಕೆ ನಮ್ಮ ಜನ ಎಷ್ಟು ಬೆಲೆ ಕೊಡುತ್ತಾರೆ ಎಂದುಕೊಂಡೆ.

ಗಂಗವ್ವ ಮುಂದಾಗಿ ಹೆಣ್ಣುಮಕ್ಕಳ ಗುಂಪೊಂದು ತಲೆಯ ಮೇಲೆ ಸೆರಗು ಹೊದ್ದು ಬಂತು. ಹಿಂದೆ ಗಂಡಸರು, ಕೈ ಕಟ್ಟಿಕೊಂಡು. ಗಂಗವ್ವ ಬಂದವಳೇ ನನ್ನನ್ನು ತಬ್ಬಿಕೊಂಡಳು.

"ಹ್ಯಾಂಗಾತ್ರಿ ಅಕ್ಕೋರ?"

ಕೂಸಿನ ಅಳುವನ್ನು ಕೇಳುತ್ತಿದ್ದಾಳೆಂದು ತಿಳಿದು, "ಒಮ್ಮಿಂದೊಮ್ಮೆಲೇ ಸುರು ಆತವಾ. ಏನ ಮಾಡಿದ್ರೂ ಹತೋಟಿಗೆ ಬರಲಿಲ್ಲ," ಎಂದೆ.

"ಶಿವನ ಆಟ. ಸೊಸಿ ಎಲ್ಲೆ?"

"ಮ್ಯಾಲಿನ ಖೋಲ್ಯಾಗ ಹಾಕಿ ಚಿಲಕ ಹಾಕೀನಿ."

"ಚಲೋ ಮಾಡಿದ್ರಿ. ಸಣ್ಣ ವಯಸ್ಸು, ತಡಕೊಳ್ಳಾಕ ಆಗಂಗಿಲ್ಲ."

ಇವಳಿಗೆ ಕಥೆ ಬರೆಯುವ ಕಷ್ಟ ಎಷ್ಟು ಚೆನ್ನಾಗಿ ಗೊತ್ತು ಎಂದು ನಾನು ಬೆರಗಾಗುತ್ತಿರುವಾಗಲೇ ಗುಂಪು ಒಳಗೆ ನುಗ್ಗಿತು. ಯಜಮಾನರ ಸುತ್ತ ಕೂತಿತು. ಒಬ್ಬಳು ರಾಗ ತೆಗೆದಳು: "ಮನಿಮನಿಗೆ ಮನಿಯಾರ್ಡರ್ ಮುಟ್ಟಿಸಿದ ಕೈಯೋ ನನ್ನಪ್ಪಾ..."

ಧೋತರ ಸರಿಯಿತು. ಯಜಮಾನರು ಎದ್ದು ಕೂತರು.

ಆ ಕ್ಷಣದ ವರ್ಣನೆ ನನ್ನ ಶಕ್ತಿಗೆ ಮೀರಿದ್ದು. ರಾಗ ತೆಗೆದವಳು ರಾಗದ ನಡುವೆಯೇ ಹಿಂದಕ್ಕೆ ಉರುಳಿದಳು. ಗಂಡಸರಲ್ಲಿ ಧೈರ್ಯವಂತರೆನಿಸಿಕೊಂಡವರು ಮೊದಲು ಬಾಗಿಲು ದಾಟಿದರು. ಕಿವಿಯಲ್ಲಿ ಹತ್ತಿ ಇದ್ದುದರಿಂದ ಯಜಮಾನರಿಗೆ ಏನೂ ಕೇಳುತ್ತಿರಲಿಲ್ಲ. ಸುತ್ತಲಿನ ಮುಖಗಳನ್ನು ನೋಡಿ ಕನಿಕರದಿಂದ ಜೋರಾಗಿ ಕೇಳಿದರು: "ಯಾರು ಹೋದ್ರು?"

ಕಿವಿಗೆ ಕೈ ಹೋಯಿತು. ಹತ್ತಿ ತೆಗೆದು ಮತ್ತೆ ಕೇಳಿದರು: "ಅಲ್ಲಾ, ಯಾರು ಹೋದ್ರು?"

ಗಂಗವ್ವ ಗೋಡೆಗೆ ಅಂಟಿಕೊಂಡೇ ಹೇಳಿದಳು: "ನೀವ್ರಿ."

ಆಮೇಲೆ ಗಂಗವ್ವನೇ ನನಗೆ ಬಿಡಿಸಿ ಹೇಳಿದಳು. ಓಣಿಯಲ್ಲಿ ಸಾವಾದರೆ ಯಾರೂ ಸುದ್ದಿ ಒಯ್ಯುವುದಿಲ್ಲ. ಪಕ್ಕದ ಮನೆಯವರು ಮಗ್ಗ ನಿಲ್ಲಿಸುತ್ತಾರೆ. ಅದು ನಿಂತದ್ದು ಕೇಳಿ ಅದರ ಪಕ್ಕದವರು ನಿಲ್ಲಿಸುತ್ತಾರೆ. ಹೀಗೆ ಸುಮ್ಮನಾಗುವುದೇ ಸುದ್ದಿ. "ನಿಮಗೂ ಗೊತ್ತಿತ್ತಲ್ರಿ ಅಕ್ಕೋರ," ಎಂದಳು. ಗೊತ್ತಿತ್ತು. ಆದರೆ ವೇಳಾಪಟ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಅಷ್ಟರಲ್ಲಿ ಮನೆಯ ಮುಂದೆ ಕಾರೊಂದು ನಿಂತಿತು. ಬಸವರಾಜ ಇಳಿದ. ಯಾರೋ ರೋಣಕ್ಕೆ ಫೋನು ಮಾಡಿದ್ದರು. ಅವನು ಮನೆಯ ಒಂದೊಂದೇ ನಂಬರಿಗೆ ಪ್ರಯತ್ನಿಸಿದ್ದಾನೆ. ಎಲ್ಲವೂ ಜೋಳದಲ್ಲಿ ಹೂತಿದ್ದವು. ಸಹೋದ್ಯೋಗಿಯೊಬ್ಬರ ಕಾರಿನಲ್ಲಿ ಅಳುತ್ತಾ ಬಂದವನು ಪಡಸಾಲೆಯಲ್ಲಿ ಕೂತಿದ್ದ ತಂದೆಯನ್ನು ನೋಡಿ ಮತ್ತಷ್ಟು ಅತ್ತ. ನರಗುಂದದಿಂದ ನನ್ನ ನಾದಿನಿಯೂ ಹೊರಟಿದ್ದಾಳೆಂದು ತಿಳಿದದ್ದೇ ಜೋಳದ ಡಬ್ಬಿಯತ್ತ ಓಡಿದೆ. ನಾದಿನಿ ಬಂದು ಅಣ್ಣ ಸತ್ತಿಲ್ಲವೆಂದು ಕಂಡರೆ ನನ್ನನ್ನು ಉಳಿಸುವುದಿಲ್ಲ. ಫೋನು ಅಗೆದು ತೆಗೆದು ಅವಳನ್ನು ಅರ್ಧ ದಾರಿಯಿಂದ ಹಿಂದಕ್ಕೆ ಕಳಿಸಿದೆವು.

"ಅವ್ವಾ, ಶೈಲಾ ಎಲ್ಲೆದಾಳ?" ಎಂದ ಬಸವರಾಜ.

ಎಲ್ಲರೂ ನನ್ನನ್ನು ನೋಡಿದರು. ಮಹಡಿಯಿಂದ ಈಗ ಸದ್ದೂ ಬರುತ್ತಿರಲಿಲ್ಲ.

ಚಿಲಕ ತೆಗೆದೆ. ಶೈಲಾ ಕುರ್ಚಿಯಲ್ಲಿ ಕೂತಿದ್ದಳು. ಮುಂದೆ ಹಾಳೆಗಳು ಹಾಗೇ ಬೆಳ್ಳಗಿದ್ದವು. ಕೂಗಿ ಕೂಗಿ ದನಿ ಬಿದ್ದಿತ್ತು. ಮೊದಲು ಕೂಸನ್ನು ನನ್ನ ಕೈಯಿಂದ ತೆಗೆದುಕೊಂಡಳು. ಆಮೇಲೆ ಹೇಳಿದಳು: "ಅತ್ತಿಯಾರ, ಕಥಿ ಫೋನಿನ್ಯಾಗ ಐತ್ರಿ."

"ಫೋನಿನ್ಯಾಗ?"

"ಪೂರಾ ಕಥಿ ಅದರಾಗ ಬರದೀನ್ರಿ. ಈಕಿಗೆ ಹಾಲ ಕುಡಿಸ್ಕೋತ, ಒಂದ ಹೆಬ್ಬಟ್ಟಿಲೆ. ಬಾಜೂಕ ಮಗ್ಗ ನಡದಿರತೈತಿ, ಈಕಿ ಸುಮ್ಮನ ಮಕ್ಕೊಂಡಿರತಾಳ, ನನ್ನ ಕೈ ನಡದಿರತೈತಿ. ಮೂರೂ ಕೂಡೇ ಆಗ್ಬೇಕ್ರಿ. ಒಂದ ಬಿಟ್ರ ಒಂದ ಆಗಂಗಿಲ್ಲ."

ನಾನು ಆ ದಿನ ಮುಂಜಾನೆಯಿಂದ ಅತ್ಯಂತ ಶ್ರದ್ಧೆಯಿಂದ, ಒಂದನ್ನೂ ಬಿಡದೆ, ಆ ಮೂರನ್ನೂ ತಪ್ಪಿಸಿದ್ದೆ. ಗೋಡೆಯ ಗಡಿಯಾರ ನೋಡಿದೆ. ನನ್ನ ವೇಳಾಪಟ್ಟಿಯ ಮಧ್ಯಾಹ್ನ ಯಾವಾಗಲೋ ಕಳೆದು ಮೂರು ದಾಟಿತ್ತು.

ಈರಪ್ಪ ದವಾಖಾನೆಯಿಂದ ಬಂದ. ವಿಷಯ ಕೇಳಿದ. ನನ್ನ ಮುಖ ನೋಡಿ ಸೀದಾ ಮಗ್ಗದ ಕುಣಿಗಿಳಿದ. ಅವನ ಮಗ್ಗ ಸದ್ದು ಮಾಡಿದ ಮೇಲೆ ಓಣಿಯ ಉಳಿದ ಮಗ್ಗಗಳೂ ಒಂದೊಂದಾಗಿ ಸುರುವಾದವು. ಗೌರಿ ತಾಯಿಯ ತೊಡೆಯ ಮೇಲೆ ಕಣ್ಣು ಮುಚ್ಚಿದಳು. ನಾನು ಜೋಳದ ಧೂಳು ಒರೆಸಿ ಕೊಟ್ಟ ಫೋನಿನ ಮೇಲೆ ಶೈಲಾಳ ಹೆಬ್ಬೆರಳು ಓಡತೊಡಗಿತು.

ಕೆಳಗೆ ಇನ್ನೊಂದು ಸಮಸ್ಯೆ ಕಾದಿತ್ತು. ಸತ್ತವರ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವೆಂದು ಓಣಿಯವರು ಆಗಲೇ ರೊಟ್ಟಿ, ಝುಣಕ, ಅನ್ನ, ಸಾರು ತಂದಿಟ್ಟಿದ್ದರು. ಅಂಥ ಮನೆಗೆ ತಂದ ಅನ್ನವನ್ನು ಯಾರೂ ತಿರುಗಿ ಒಯ್ಯುವುದಿಲ್ಲ. ಯಜಮಾನರು ಚಕ್ಕಂಬಟ್ಟಲು ಹಾಕಿ ಕೂತರು.

"ಏನ್ರಿ ಇದು, ನಾಚಿಕಿ ಬ್ಯಾಡೇನು?" ಎಂದೆ.

"ತನ್ನ ಸಾವಿನ ಊಟ ತಾನ ಉಣ್ಣೂ ಯೋಗ ಎಲ್ಲಾರಿಗೂ ಬರಂಗಿಲ್ಲ. ಝುಣಕ ಭಾಳ ಚಲೋ ಆಗೇತಿ. ನೀನೂ ಕೂಡು."

ಕೂತೆ. ಹಸಿವಾಗಿತ್ತು. ಉಂಡ ಮೇಲೆ ಶೈಲಾಳ ಕೆಲಸ ಎಲ್ಲಿಗೆ ಬಂತೆಂದು ನೋಡಲು ಮೆಲ್ಲನೆ ಮೇಲೆ ಹೋದೆ. ಬೆನ್ನು ನೇರ ಮಾಡಿ ಕೂಡು ಎಂದು ಹೇಳಲು ಬಾಯಿ ತೆರೆದೆನಷ್ಟೆ. ಅವಳು ಕಣ್ಣೆತ್ತದೆ ಹೇಳಿದಳು:

"ಅತ್ತಿಯಾರ, ಮಂದಿ ಭಾಂಡೆ ಎಲ್ಲಾ ಮುಟ್ಟಿಸಿ ಬರ್ತೀರೇನ್ರಿ? ಗಡಿಬಿಡಿ ಇಲ್ರಿ. ಸಾವಕಾಶ ಬರ್ರಿ."

ನನ್ನ ಜೀವನದಲ್ಲಿ ಮೊದಲ ಬಾರಿಗೆ ಬೇರೆಯವರು ಹಾಕಿದ ವೇಳಾಪಟ್ಟಿಯಂತೆ ನಾನು ಹೊರಟೆ.

ಬುಟ್ಟಿ, ಬೋಗುಣಿಗಳನ್ನು ತೊಳೆದು ಮನೆಮನೆಗೆ ಒಯ್ದೆ. ಪ್ರತಿ ಮನೆಯಲ್ಲೂ ಯಜಮಾನರು ಬದುಕಿದ್ದಾರೆಂದು ಆದ್ಯಂತ ವಿವರಿಸಬೇಕಾಯಿತು. ಕಥೆ ಬರೆಯಲೆಂದು ಮಗ್ಗ ನಿಲ್ಲಿಸಿದೆ ಎಂದರೆ ಯಾರೂ ನಂಬಲೊಲ್ಲರು. ಕಡೆಯದು ಫಕೀರವ್ವಜ್ಜಿಯ ಮನೆ. ಅಜ್ಜಿಗೆ ಕಿವಿ ಕೇಳಿಸುವುದಿಲ್ಲ. ಬೋಗುಣಿ ಇಸಿದುಕೊಂಡು, ನನ್ನ ಕೈ ಹಿಡಿದು, "ಧೈರ್ಯಾ ತಗೋ ತಾಯಿ. ಭಾಳ ದೊಡ್ಡ ಮನಷ್ಯಾ ಇದ್ದ," ಎಂದಳು. ಕೂಗಿ ಹೇಳುವ ತ್ರಾಣ ನನ್ನಲ್ಲಿ ಉಳಿದಿರಲಿಲ್ಲ. "ಹೌದಬೇ," ಎಂದು ಸೆರಗಿನಿಂದ ಮೂಗು ಒರೆಸಿಕೊಂಡು ಬಂದೆ.

ಮನೆಗೆ ಬಂದಾಗ ಐದಕ್ಕೆ ಇನ್ನೂ ಸ್ವಲ್ಪ ಬಾಕಿ ಇತ್ತು. ಶೈಲಾ ಕೂಸನ್ನು ಎತ್ತಿಕೊಂಡು ಕೆಳಗೆ ಇಳಿಯುತ್ತಿದ್ದಳು. ಅವಳ ಮುಖ ನೋಡಿಯೇ ನನಗೆ ತಿಳಿಯಿತು. ಆದರೂ ಕೇಳಿದೆ.

"ಮುಗೀತೇನು?"

"ಮುಗೀತ್ರಿ. ಕಳಿಸೇಬಿಟ್ಟೆ. ಮುಟ್ಟೇತಿ ಅಂತ ಉತ್ತರಾನೂ ಬಂತು."

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಕಲ್ಲು ಇಳಿದ ಮೇಲೆ ಕುತೂಹಲ ಎದ್ದಿತು. ಸಹಜವಾಗಿ ಎಂಬಂತೆ ಕೇಳಿದೆ: "ಕಥಿಯೊಳಗ ಅತ್ತಿ ಅದಾಳೇನು?"

"ಅದಾಳ್ರಿ."

"ಹೆಂಗದಾಳ?"

ಶೈಲಾ ಗೌರಿಯನ್ನು ಹೆಗಲಿಗೆ ಹಾಕಿಕೊಂಡು ಸ್ವಲ್ಪ ಯೋಚಿಸಿದಳು. "ಇವತ್ತ ಮುಂಜಾನಿ ಮಟಾ ಭಾಳ ಚಲೋ ಇದ್ಲ್ರಿ," ಎಂದಳು.

ಕಥೆ ಆಗಲೇ ಹೋಗಿಯಾಗಿತ್ತು. ತಿದ್ದುಪಡಿಗೆ ಅವಕಾಶವಿರಲಿಲ್ಲ.