ನೀರು ಹಾಕಬಾರದ ಗಿಡಗಳು

"ಈ ಸಲ ನನ್ನ ಕ್ಲಾಸಿಗೆ ಪ್ರಶ್ನೆಪತ್ರಿಕೆಯೇ ಇಲ್ಲ! ಗಣಿತ, ವಿಜ್ಞಾನ ಎರಡಕ್ಕೂ ಸೇರಿಸಿ ಒಂದೇ ಪ್ರಾಜೆಕ್ಟು. ಉರು ಹೊಡೆಯೋ ಪದ್ಧತೀನ ಈ ವರ್ಷ ಮಣ್ಣು ಮಾಡಿಬಿಡ್ತೀನಿ!"

ಐದನೇ ತರಗತಿಯ ಟೀಚರಮ್ಮ ಸ್ಟಾಫ್ ರೂಮಿನಲ್ಲಿ ಹೀಗೆ ರಣಕಹಳೆ ಊದಿದಾಗ ಉಳಿದವರು ತಲೆ ಎತ್ತದೆ ಊಟದ ಡಬ್ಬಿಗಳ ಮುಚ್ಚಳ ತೆರೆದರು. ಮುಖ್ಯೋಪಾಧ್ಯಾಯರು ಮಾತ್ರ, "ಹಾಗಾದ್ರೆ ಮೇಲ್ವಿಚಾರಕರು ಬರೋ ದಿನವೇ ತೋರಿಸಿಬಿಡಿ" ಎಂದು ಆಕೆಯನ್ನು ಸಲೀಸಾಗಿ ಬಲೆಗೆ ಕೆಡವಿದರು.

ಪ್ರಾಜೆಕ್ಟು ಸರಳವಾಗಿತ್ತು. ಪ್ರತಿ ಮಗುವಿಗೂ ಎರಡು ಪ್ಲಾಸ್ಟಿಕ್ ಲೋಟ, ಎರಡರಲ್ಲೂ ಒಂದೊಂದು ಬೀನ್ಸ್ ಗಿಡ. ಒಂದಕ್ಕೆ ದಿನಾ ನೀರು, ಇನ್ನೊಂದಕ್ಕೆ ಹನಿಯೂ ಇಲ್ಲ. ಸ್ಕೇಲು ಹಿಡಿದು ಎತ್ತರ ಅಳೆಯಬೇಕು, ಕೋಷ್ಟಕ ತುಂಬಬೇಕು, ಗ್ರಾಫ್ ಎಳೆಯಬೇಕು, ಯಾಕೆ ಹೀಗಾಯಿತೆಂದು ಬರೆಯಬೇಕು. ನೀರಿಲ್ಲದ ಲೋಟಗಳ ಮೇಲೆ ಮಕ್ಕಳೇ ಕೆಂಪು ಶಾಯಿಯಲ್ಲಿ 'ನೀರು ಬೇಡ' ಎಂದು ಬರೆದರು.

ಅಷ್ಟರಲ್ಲಿ ಮೇಲ್ವಿಚಾರಕರ ಕಣ್ಣಿಗೆ ಚೆಂದ ಕಾಣಲೆಂದು ಶಾಲೆಗೆ ಬಣ್ಣ ಬಳಿಯುವ ಕೆಲಸ ಶುರುವಾಯಿತು. ಗಿಡಗಳೆಲ್ಲ ಟೀಚರಮ್ಮನ ಮನೆಯ ಬಾಲ್ಕನಿಗೆ ಬಂದವು. ಅದೇ ವಾರ ಆಕೆಗೆ ಬೇರೆ ಊರಿನಲ್ಲಿ ತರಬೇತಿ. ವಿಷಯ: ಮಕ್ಕಳ ಮೌಲ್ಯಮಾಪನ!

ಹೊರಡುವಾಗ ಯಜಮಾನರನ್ನು ಬಾಲ್ಕನಿಗೆ ಕರೆದು ನಿಲ್ಲಿಸಿದರು. ಯಜಮಾನರು ನಗರದ ನೀರು ಸರಬರಾಜು ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಗುಮಾಸ್ತರು.

"ರೀ, ಕೆಂಪಕ್ಷರ ಇರೋದಕ್ಕೆ ನೀರು ತೋರಿಸಲೂಬೇಡಿ. ಮಿಕ್ಕಿದ್ದಕ್ಕೆ ದಿನಾ ಎರಡು ಚಮಚ. ತಿಳೀತಾ?"

"ಇಡೀ ಊರಿಗೆ ನೀರು ಹಂಚೋ ಆಫೀಸಿನವನು ಕಣೇ ನಾನು! ಲೋಟಕ್ಕೆ ಹಂಚಕ್ಕೆ ಬರಲ್ವಾ?"

"ನಿಮ್ಮ ಆಫೀಸು ಹಂಚೋ ಚೆಂದ ನೋಡೇ ಹೇಳ್ತಿರೋದು."

ತರಬೇತಿ ಮುಗಿಸಿ ಬಂದವರು ಚಪ್ಪಲಿಯನ್ನೂ ಬಿಡದೆ ಬಾಲ್ಕನಿಗೆ ಹೋದರು. 'ನೀರು ಬೇಡ' ಎಂಬ ಗಿಡಗಳು ಎಲೆ ಬಿಚ್ಚಿ, ಎದೆ ಸೆಟೆಸಿ, ಚುನಾವಣೆ ಗೆದ್ದವರಂತೆ ನಿಂತಿದ್ದವು. ನೀರು ಬೇಕಾದವು ಠೇವಣಿ ಕಳೆದುಕೊಂಡವರಂತೆ ಕುತ್ತಿಗೆ ಇಳಿಬಿಟ್ಟಿದ್ದವು.

"ಏನ್ರೀ ಇದು!"

"ಪಾಪ ಕಣೇ, ಬಾಡಿ ಜೋತು ಬಿದ್ದಿದ್ವು. ದಿನವೆಲ್ಲ ಕೌಂಟರಿನ ಮುಂದೆ ಜನ 'ನೀರಿಲ್ಲ, ನೀರಿಲ್ಲ' ಅಂತ ಗೋಗರೀತಾರೆ. ಒಬ್ಬರಿಗೂ ಒಂದು ಹನಿ ಕೊಡೋ ಅಧಿಕಾರ ನನಗಿಲ್ಲ. ಮನೇಲಾದ್ರೂ ಕೊಡೋಣ ಅನ್ನಿಸ್ತು."

"ಸರಿ, ಈ ಕಡೆಯವು ಯಾಕೆ ಸತ್ತ ಹಾಗಿದಾವೆ?"

"ಅವಕ್ಕೆ ಮೊದಲಿಂದ ಬರ್ತಾನೇ ಇತ್ತಲ್ಲ! ಸ್ವಲ್ಪ ದಿನ ಸರಬರಾಜು ನಿಲ್ಲಿಸಿದ್ದೆ."

ಟೀಚರಮ್ಮನಿಗೆ ಅಳು, ನಗು, ಸಿಟ್ಟು ಮೂರೂ ಒಟ್ಟಿಗೆ ಬಂದು, ನೂಕುನುಗ್ಗಲಿನಲ್ಲಿ ಸಿಟ್ಟೇ ಮುಂದೆ ಬಂತು. ಆ ಮುಖ ನೋಡಿ ಯಜಮಾನರು ಒಳಗೋಡಿ ಕೂದಲು ಒಣಗಿಸುವ ಯಂತ್ರ ತಂದರು. "ಒಂದು ನಿಮಿಷ ತಡಿ, ಎಲ್ಲಾ ಒಣಗಿಸಿಬಿಡ್ತೀನಿ!" ಬಿಸಿಗಾಳಿಗೆ ಮೊದಲ ಲೋಟ ಕರಗಿ ಸೊಂಟ ಮುರಿದುಕೊಂಡು ಕೂತಿತು. ಗಿಡಕ್ಕೆ ಏನೂ ಆಗಲಿಲ್ಲ. ಎರಡನೆಯ ಲೋಟದ ಹೊತ್ತಿಗೆ ಮನೆಯ ಫ್ಯೂಸೇ ಹೋಯಿತು.

"ಬಿಡಿ," ಎಂದರು ಟೀಚರಮ್ಮ. "ನಾಳೆ ಮಕ್ಕಳಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡ್ತೀನಿ."

ಹೇಳಲು ಸಮಯವೆಲ್ಲಿತ್ತು? ಮರುದಿನ ಮೊದಲ ಗಂಟೆಗೆ ಮುಂಚೆಯೇ ಮೇಲ್ವಿಚಾರಕರು ತರಗತಿಯಲ್ಲಿ ಟೀಚರಮ್ಮನ ಕುರ್ಚಿಯಲ್ಲೇ ಕೂತಿದ್ದರು. ಗಿಡಗಳನ್ನು ಡೆಸ್ಕುಗಳ ಮೇಲಿಟ್ಟದ್ದೇ ತಡ, "ಹೂಂ, ಕೊನೆಯ ಅಳತೆ ತೆಗೆದು ಗ್ರಾಫ್ ಮುಗಿಸಿ" ಎಂದು ಅವರೇ ಅಪ್ಪಣೆ ಕೊಟ್ಟರು.

ಇನ್ನೇನು ಮಾನ ಹೋಯಿತೆಂದು ಟೀಚರಮ್ಮ ಗೋಡೆಗೆ ಒರಗಿದರು. ಹೊಸ ಬಣ್ಣ ಸೀರೆಗೆ ಅಂಟಿತು.

ಆದರೆ ಮಾನ ಹೋಗಲಿಲ್ಲ! ಮಕ್ಕಳು ಪುಸ್ತಕದಲ್ಲಿದ್ದ ಚಿತ್ರದಂತೆ ನೀರಿನ ಗಿಡಕ್ಕೆ ಮೇಲೇರುವ ಗೆರೆ, ನೀರಿಲ್ಲದ ಗಿಡಕ್ಕೆ ಕೆಳಗಿಳಿಯುವ ಗೆರೆ ಎಳೆದರು. ಮೂಗಿಗೆ ತಾಗುವಂತಿದ್ದ ಗಿಡವನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ. ಮೇಲ್ವಿಚಾರಕರೂ ನೋಡಲಿಲ್ಲ. ಅವರ ಕಣ್ಣು ಕೈಯಲ್ಲಿದ್ದ ಮಾದರಿ ಉತ್ತರದ ಮೇಲಿತ್ತು. "ಭೇಷ್! ಭೇಷ್!" ಎನ್ನುತ್ತಾ ಅವರು ಸಾಲು ಸಾಲು ದಾಟಿದರು.

ಕೊನೆಯ ಡೆಸ್ಕಿನಲ್ಲಿ ನಿಂತರು. ಅಲ್ಲಿದ್ದವಳನ್ನು ಎಲ್ಲರೂ ಕಡ್ಡಿ ಎಂದೇ ಕರೆಯುತ್ತಿದ್ದರು. ಮೈಕಟ್ಟಿಗೆ ಬಂದ ಹೆಸರೋ, ಕಡ್ಡಿ ಮುರಿದಂಥ ಮಾತಿಗೆ ಬಂದದ್ದೋ ಗೊತ್ತಿಲ್ಲ. ಅವಳ ಗ್ರಾಫಿನಲ್ಲಿ ನೀರಿಲ್ಲದ ಗಿಡ ಆಕಾಶಕ್ಕೇರಿತ್ತು.

"ನೀರು ಹಾಕದ ಗಿಡ ಇಷ್ಟೆತ್ತರ ಬೆಳೆಯುತ್ತೇನಮ್ಮಾ?"

"ಬೆಳೆದಿದೆ ಸರ್. ಎರಡು ಸಲ ಅಳೆದೆ. ಯಾಕೆ ಅಂತ ಗೊತ್ತಾಗ್ಲಿಲ್ಲ, ಅದನ್ನೂ ಬರೆದಿದೀನಿ. ಬೇಕಾದ್ರೆ ನೀವೇ ನೋಡಿ."

"ನೋಡೋದೇನು? ಪುಸ್ತಕದಲ್ಲೇ ಇದೆಯಲ್ಲ!"

ಮೇಲ್ವಿಚಾರಕರು ಅವಳ ಹಾಳೆಯ ಮೇಲೆ ಬರೆದರು. ಗಣಿತ: ಸುಧಾರಿಸಬೇಕು. ವಿಜ್ಞಾನ: ಸುಧಾರಿಸಬೇಕು. ಎರಡನ್ನೂ ಜೋಡಿಸಿದ ಪ್ರಾಜೆಕ್ಟಲ್ಲವೇ, ಪೆಟ್ಟೂ ಜೋಡಿಯಾಗಿಯೇ ಬಿತ್ತು.

"ಸರ್, ಅದು..." ಎಂದು ಟೀಚರಮ್ಮ ಬಾಯಿ ತೆರೆದರು.

"ನೀವು ಬೇಜಾರು ಮಾಡ್ಕೋಬೇಡಿ ಮೇಡಂ. ಎಲ್ಲೋ ಒಂದು ಮಗು ಹೀಗಿರುತ್ತೆ. ನಿಮ್ಮ ವಿಧಾನ ಅದ್ಭುತ! ಮುಂದಿನ ತರಬೇತಿಯಲ್ಲಿ ಉಳಿದ ಶಿಕ್ಷಕರಿಗೆ ನೀವೇ ಪಾಠ ಮಾಡಬೇಕು. ಇಲ್ಲಿ ಒಂದು ಸಹಿ ಹಾಕಿ."

ತೆರೆದ ಬಾಯಿ ತಾನಾಗಿ ಮುಚ್ಚಿಕೊಂಡಿತು. ಕೈ ಸಹಿ ಹಾಕಿತು.

ಊಟದ ಬಿಡುವಿನಲ್ಲಿ ಟೀಚರಮ್ಮ ಡಬ್ಬಿ ತೆರೆಯದೆ ಎದ್ದರು. ಕೈತೋಟದ ನಲ್ಲಿಯ ಹತ್ತಿರ ಕಡ್ಡಿಯನ್ನು ಕರೆದು ನಿಲ್ಲಿಸಿದರು.

"ನೀನು ಬರೆದದ್ದೇ ಸರಿ ಪುಟ್ಟಿ. ನಮ್ಮ ಮನೆಯವರು ತಪ್ಪಿ ಆ ಗಿಡಗಳಿಗೆ ನೀರು ಹಾಕಿಬಿಟ್ಟಿದ್ರು."

ಹುಡುಗಿಯ ಮುಖ ಅರಳಿತು. ಆಮೇಲೆ ಏನೋ ಲೆಕ್ಕ ಹಾಕಿತು.

"ಸರ್ ನನ್ನನ್ನ ಕೇಳಿದಾಗ್ಲೇ ನಿಮಗೆ ಗೊತ್ತಿತ್ತಾ ಟೀಚರ್?"

"...ಹೂಂ."

ಕಡ್ಡಿ, ಟೀಚರಮ್ಮನ ಕಣ್ಣು ತುಂಬಿದ್ದು ಕಂಡು, ದೊಡ್ಡವರು ಚಿಕ್ಕವರಿಗೆ ಹೇಳುವಂತೆ ಸಮಾಧಾನ ಹೇಳಿದಳು.

"ಹೋಗ್ಲಿ ಬಿಡಿ ಟೀಚರ್, ಅಳಬೇಡಿ. ಮುಂದಿನ ಸಲ ನಾನೂ ನೋಡದೇನೇ ಬರೀತೀನಿ."