ಎರಡು ನಿಮಿಷದ ತಾಲೀಮು

ಡ್ರಿಲ್ ಮೇಷ್ಟ್ರಿಗೆ ಒಂದು ಒಳ್ಳೆಯ ಯೋಚನೆ ಹೊಳೆಯಿತೆಂದರೆ ಮನೆಯವರಿಗೆ ಕೈಕಾಲು ತಣ್ಣಗಾಗುತ್ತದೆ. ಹೋದ ವರ್ಷ ಹೊಳೆದದ್ದು, ಬೆಳಗ್ಗೆ ಐದಕ್ಕೆ ಕುಟುಂಬ ಸಮೇತ ಓಡುವ ಯೋಚನೆ. ಎಪ್ಪತ್ತೆರಡು ವರ್ಷದ ಅವರ ಅತ್ತೆ ಗೇಟಿನ ತನಕ ಓಡಿ, ಗೇಟು ಹಾಕಿಕೊಂಡು ಒಳಗೆ ಬಂದು ಮಲಗಿಬಿಟ್ಟರು. ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ಮನುಷ್ಯ. ಮನೆಯಲ್ಲಿ ಅತ್ತೆ, ಹೆಂಡತಿ, ಮಗಳು ಅಂತ ಮೂರೇ ಜನ ಇದ್ದರೂ ಎತ್ತರದ ಪ್ರಕಾರ ನಿಲ್ಲಿಸದೆ ಅವರಿಗೆ ಸಮಾಧಾನವಿಲ್ಲ.

ಈ ಸಲದ ಯೋಚನೆ ಊಟದ ಮೇಜಿನಷ್ಟು ಅಗಲವಾಗಿತ್ತು. ಯೂರೋಪಿನ ನಕಾಶೆ ಹರಡಿ, ನಾಲ್ಕು ಮೂಲೆಗೂ ನಾಲ್ಕು ಲೋಟ ಇಟ್ಟು, ಕೋಲಿನ ತುದಿಯಿಂದ ಮೇಷ್ಟ್ರು ತಮ್ಮ ದಂಡಯಾತ್ರೆಯನ್ನು ವಿವರಿಸಿದರು. ಹನ್ನೊಂದು ದಿನ, ಏಳು ಊರು, ನಾಲ್ಕು ರೈಲು, ನಡುವೆ ಮೂರು ದಿನ ಬಾಡಿಗೆ ಕಾರು.

"ಏಳು ಊರಲ್ಲಿ ಮಲಗೋದು ಯಾವ ಊರಲ್ಲಿ?" ಹೆಂಡತಿ ಕೇಳಿದರು.

"ರೈಲಲ್ಲಿ."

"ಊಟ?"

"ಕಾರಲ್ಲಿ."

"ಊರು ನೋಡೋದು?"

"ಕಿಟಕಿಯಿಂದ ಎಲ್ಲಾ ಕಾಣುತ್ತೆ ಕಣೇ."

"ಹಾಗಾದ್ರೆ ಊರಿಗೆ ಯಾಕ್ರೀ ತೊಂದ್ರೆ ಕೊಡ್ತೀರಿ? ಅವುಗಳ ಪಾಡಿಗೆ ಅವು ಇರ್ಲಿ ಬಿಡಿ."

ಹೆಂಡತಿಗೆ ಬೇಕಾಗಿದ್ದುದು ಒಂದೇ ಊರು. ನಕಾಶೆಯಲ್ಲಿ ಬೆರಳ ತುದಿಯಷ್ಟು ಕಾಣುವ ಒಂದು ಸರೋವರ, ಅದರ ದಡದಲ್ಲೊಂದು ಊರು, ಆ ಊರಿನಲ್ಲಿ ನೀರಿಗೆ ಮುಖ ಮಾಡಿದ ಒಂದು ಬೆಂಚು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಹದಿನೆಂಟು ವರ್ಷದಿಂದ ಟೋಕನ್ ನಂಬರು ಕೂಗುವುದೇ ಅವರ ಕೆಲಸ. ಯಾರೂ ಯಾರನ್ನೂ ಕೂಗದ ಜಾಗದಲ್ಲಿ ಹನ್ನೊಂದು ದಿನ ಕೂರಬೇಕೆಂಬುದು ಅವರ ಜೀವಮಾನದ ಆಸೆ. ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ಮೊದಲ ಸಲ ಹೊರದೇಶಕ್ಕೆ ಹೊರಟಿದ್ದರು. ಇನ್ನೊಂದು ಸಲ ಹೋಗುವುದು ಉಂಟೋ ಇಲ್ಲವೋ ಯಾರಿಗೆ ಗೊತ್ತು?

"ಒಂದೇ ಊರಲ್ಲಿ ಕೂರೋಕೆ ಅಷ್ಟು ದೂರ ಹೋಗ್ಬೇಕಾ? ನಮ್ಮ ಜಗಲೀಲೇ ಕೂರಬಹುದು," ಎಂದರು ಮೇಷ್ಟ್ರು.

"ಜಗಲೀಲಿ ನೀವಿರ್ತೀರಲ್ಲ," ಎಂದರು ಹೆಂಡತಿ.

ಬುಕ್ ಮಾಡುವ ಅಧಿಕಾರ ಕಾಲೇಜಿಗೆ ಹೋಗುವ ಮಗಳ ಫೋನಿನಲ್ಲಿತ್ತು. ಅವಳು, "ಬರೋ ಭಾನುವಾರ ಸಂಜೆಯೊಳಗೆ ಇಬ್ರೂ ಒಂದು ತೀರ್ಮಾನಕ್ಕೆ ಬನ್ನಿ, ಆಮೇಲೆ ಏನೂ ಸಿಗಲ್ಲ," ಎಂದು ಗಡುವು ಕೊಟ್ಟು ಎದ್ದುಹೋದಳು.

ಮೇಷ್ಟ್ರು ಆಗಲೇ ಸಾಮಾನು ಕಟ್ಟಲು ಶುರುಮಾಡಿದ್ದರು. ಐದು ಸೂಟ್‌ಕೇಸು. ಮಳೆ ಬಂದರೆ ಎಂದು ಒಂದು, ಬಾರದಿದ್ದರೆ ಎಂದು ಇನ್ನೊಂದು. ಮೂರನೆಯದರಲ್ಲಿ ಔಷಧಿ, ಹಗ್ಗ, ಟಾರ್ಚು, ಇಸ್ತ್ರಿ ಪೆಟ್ಟಿಗೆ. ನಾಲ್ಕನೆಯದರಲ್ಲಿ ಶಾಲೆಯಿಂದ ತಂದ ನಾಲ್ಕು ಮಡಚುವ ಸ್ಟೂಲು (ಆ ದೇಶಗಳಲ್ಲಿ ಕೂರಲು ಜಾಗವಿರುತ್ತದೆ ಎಂಬ ಭರವಸೆ ಅವರಿಗಿರಲಿಲ್ಲ). ಐದನೆಯದರಲ್ಲಿ ಮಿಕ್ಕ ನಾಲ್ಕರ ಚಕ್ರ ಮುರಿದರೆ ಬೇಕಾಗುವ ಸಲಕರಣೆ.

ಬಾಡಿಗೆ ಕಾರು ತಮ್ಮ ಬಾಮೈದನ ಕಾರಿನಷ್ಟೇ ದೊಡ್ಡದೆಂದು ತಿಳಿದು, ಅವನ ಕಾರನ್ನೇ ತರಿಸಿ ಪರೀಕ್ಷೆ ಮಾಡಿದರು. ಹಿಂದೆ ಎರಡು ಸೂಟ್‌ಕೇಸು ಹಿಡಿಯಿತು. ಒಂದು ಹೆಂಡತಿಯ ಕಾಲ ಕೆಳಗೆ, ಒಂದು ಮಗಳ ಪಕ್ಕದಲ್ಲಿ, ಒಂದು ಅತ್ತೆಯ ತೊಡೆಯ ಮೇಲೆ. ಮೇಷ್ಟ್ರು ಹೊರಗೆ ನಿಂತು ಬಾಗಿಲು ಒತ್ತಿ ಒತ್ತಿ ಹಾಕಿದರು.

"ಅಳಿಯಂದ್ರೇ," ಸೂಟ್‌ಕೇಸಿನ ಹಿಂದಿನಿಂದ ಸಣ್ಣ ದನಿ ಬಂತು, "ನಾನು ಕಾಣ್ತಾ ಇದ್ದೀನಾ?"

"ಇಲ್ಲ ಅತ್ತೆ. ಬಹಳ ಚೆನ್ನಾಗಿ ಕೂತಿದೆ."

ಅಲ್ಲಿಗೆ ಹೆಂಡತಿಯ ತಾಳ್ಮೆ ಮುಗಿಯಿತು. "ನೋಡಿ, ನಿಮ್ಮ ಯೋಜನೆಲಿ ಒಂದು ಕಡೆ ರೈಲು ಬದಲಾಯಿಸ್ಬೇಕು, ಆ ರೈಲು ಎರಡೇ ನಿಮಿಷ ನಿಲ್ಲುತ್ತೆ. ಎರಡು ನಿಮಿಷದಲ್ಲಿ ನಾಲ್ಕು ಜನ, ಐದು ಹೆಣ ಭಾರದ ಪೆಟ್ಟಿಗೆ ಇಳಿಯೋಕಾಗುತ್ತಾ? ಆಗುತ್ತೆ ಅಂತ ಇಲ್ಲೇ ತೋರಿಸಿ, ನಾನು ಬಾಯಿ ಮುಚ್ಕೊಂಡು ಏಳೂರು ಸುತ್ತಿ ಬರ್ತೀನಿ. ಆಗ್ಲಿಲ್ಲ ಅಂದ್ರೆ ಸರೋವರ."

ಮೂವತ್ತು ವರ್ಷದ ಸೇವೆಯಲ್ಲಿ ಇಂಥ ಸವಾಲನ್ನು ಯಾರೂ ಮೇಷ್ಟ್ರ ಮುಂದೆ ಒಡ್ಡಿರಲಿಲ್ಲ. ಅವರ ಕಣ್ಣು ತುಂಬಿ ಬಂತು.

ಮಾರನೆಯ ದಿನದಿಂದಲೇ ಮನೆಯ ಮೆಟ್ಟಿಲು ರೈಲಾಯಿತು. ನಿಯಮ ಸರಳ: ಒಂದು ಉದ್ದ ಸೀಟಿ ಊದಿದರೆ ಇಳಿಯಬೇಕು, ಎರಡು ಗಿಡ್ಡ ಸೀಟಿ ಊದಿದರೆ ಹತ್ತಬೇಕು. ಯಾಕೆ, ಏನು ಎಂದು ಕೇಳುವಂತಿಲ್ಲ. ಕೈ ಖಾಲಿ ಇರಲೆಂದು ಫೋನು, ಪರ್ಸು ಎಲ್ಲ ಮೂರನೆಯ ಸೂಟ್‌ಕೇಸಿಗೆ. ಸಾಮಾನು ಮರೆತಿಲ್ಲವೆಂದು ನೋಡಿ, ಹಿಂದಿನ ಬಾಗಿಲಿಂದ ಕೊನೆಗೆ ಇಳಿಯುವುದು ಸೇನಾಪತಿಯ ಕರ್ತವ್ಯ. ಮೊದಲ ದಿನ ನಾಲ್ಕು ನಿಮಿಷ ಹಿಡಿಯಿತು. ಗುರುವಾರದ ಹೊತ್ತಿಗೆ ಅಡುಗೆಮನೆಯಲ್ಲಿ ಕುಕ್ಕರು ಕೂಗಿದರೂ ಅತ್ತೆ ಎದ್ದು ಮೆಟ್ಟಿಲಿಳಿಯುವಷ್ಟು ಪಳಗಿದ್ದರು.

ಭಾನುವಾರ ಬೆಳಗ್ಗೆ ಕೊನೆಯ ಪರೀಕ್ಷೆಗೆಂದು ಐದು ಸೂಟ್‌ಕೇಸಿನೊಂದಿಗೆ ನಾಲ್ವರೂ ತಮ್ಮೂರಿನ ಸ್ಟೇಷನ್ನಿನಲ್ಲಿ ನಿಜವಾದ ರೈಲನ್ನೇ ಹತ್ತಿದರು. ಮುಂದಿನ ಸ್ಟೇಷನ್ನಿನಲ್ಲಿ ರೈಲು ಸರಿಯಾಗಿ ಎರಡು ನಿಮಿಷ ನಿಲ್ಲುತ್ತಿತ್ತು. ನಿಂತದ್ದೇ ತಡ, ಮೇಷ್ಟ್ರು ಉದ್ದಕ್ಕೆ ಸೀಟಿ ಊದಿ ಗಡಿಯಾರ ಒತ್ತಿದರು. ಆಹಾ! ಮಗಳು ಇಳಿದಳು, ಹೆಂಡತಿ ಒಂದೊಂದಾಗಿ ಸೂಟ್‌ಕೇಸು ದಾಟಿಸಿದರು, ಅತ್ತೆ ನೀರಿನ ಬಾಟಲಿ ಸಮೇತ ಮಹಾರಾಣಿಯಂತೆ ಇಳಿದರು. ಒಂದು ನಿಮಿಷ ಇಪ್ಪತ್ತೆರಡು ಸೆಕೆಂಡು! ಮೇಷ್ಟ್ರು ಸೀಟಿನ ಕೆಳಗೆಲ್ಲ ಬಗ್ಗಿ ನೋಡಿ, ಹಿಂದಿನ ಬಾಗಿಲಿಂದ ಇಳಿದು, ಗಡಿಯಾರವನ್ನೇ ನೋಡುತ್ತ ಎದೆಯುಬ್ಬಿಸಿ ನಡೆದು ಬಂದರು.

ಆಗ ರೈಲಿನ ಬಾಲದ ಕಡೆಯಿಂದ ಎರಡು ಗಿಡ್ಡ ಸೀಟಿ ಕೇಳಿತು.

ಊದಿದ್ದು ಗಾರ್ಡು. ರೈಲು ಹೊರಡಲಿ ಎಂದು ಅವನು ದಿನವೂ ಊದುವ ಸೀಟಿ ಅದು. ಆದರೆ ಮೇಷ್ಟ್ರ ಕುಟುಂಬಕ್ಕೆ ಯಾಕೆ, ಏನು ಎಂದು ಕೇಳುವ ಅಭ್ಯಾಸ ತಪ್ಪಿಹೋಗಿತ್ತು. ಅತ್ತೆ ಮೊದಲು ಹತ್ತಿದರು. ಬಾಗಿಲಲ್ಲಿ ನಿಂತಿದ್ದ ಪುಣ್ಯಾತ್ಮರು ಕೈಕೊಟ್ಟು ಸೂಟ್‌ಕೇಸುಗಳನ್ನು ಎಳೆದುಕೊಂಡರು. ಮೇಷ್ಟ್ರಿಗೆ ಜೀವ ಬಾಯಿಗೆ ಬಂತು. ಬೇಡ, ಬೇಡ ಎಂದು ಕೂಗಬೇಕೆಂದುಕೊಂಡರು. ಆದರೆ ಬಾಯಲ್ಲಿ ಸೀಟಿ ಇತ್ತು. ಗಾಬರಿಯಲ್ಲಿ ಪೀ ಪೀ, ಪೀ ಪೀ ಎಂದು ಊದಿದರು.

"ಬೇಗ ಬೇಗ ಅಂತಿದ್ದಾರೆ ಕಣೇ!" ಹೆಂಡತಿ ಮಗಳನ್ನು ಒಳಗೆ ನೂಕಿ ತಾವೂ ಹತ್ತಿದರು. ರೈಲು ಹೊರಟೇಹೋಯಿತು. ಇಪ್ಪತ್ತೊಂದು ಸೆಕೆಂಡಿನಲ್ಲಿ ಹತ್ತಿದ್ದರು, ಅದೂ ದಾಖಲೆ.

ಪ್ಲಾಟ್‌ಫಾರ್ಮಿನ ಮೇಲೆ ಮೇಷ್ಟ್ರು, ಸೀಟಿ, ಗಡಿಯಾರ ಮೂರೇ ಉಳಿದವು. ಫೋನಿಲ್ಲ, ಪರ್ಸಿಲ್ಲ, ಟಿಕೇಟೂ ಇಲ್ಲ. ಅವರು ಸ್ಟೇಷನ್ ಮಾಸ್ತರರ ಕೋಣೆಗೆ ಓಡಿದರು.

"ಹೆಂಡತಿ, ಮಗಳು, ಅತ್ತೆ, ಐದು ಪೆಟ್ಟಿಗೆ... ಹೋದ್ರು ಸಾರ್!"

"ಬಿಟ್ಟುಹೋದ್ರಾ?" ಮಾಸ್ತರರು ಕುರ್ಚಿ ಎಳೆದುಕೊಟ್ಟರು. "ಜಗಳ ಆಗಿತ್ತಾ?"

"ಇಲ್ಲ ಸಾರ್, ತಾಲೀಮು."

"ಯಾವ ನಾಟಕ?"

ಮೇಷ್ಟ್ರು ಎಲ್ಲವನ್ನೂ ಹೇಳಿದರು. ಮಾಸ್ತರರು ನಗಲಿಲ್ಲ, ಎದ್ದುಹೋಗಿ ಗೋಡೆಯ ಕಡೆ ತಿರುಗಿ ಸ್ವಲ್ಪ ಹೊತ್ತು ನಿಂತು, ಬಂದು ಮುಂದಿನ ಸ್ಟೇಷನ್ನಿಗೆ ಫೋನು ಮಾಡಿದರು. ಉತ್ತರ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಆ ಇಪ್ಪತ್ತು ನಿಮಿಷ ಮೇಷ್ಟ್ರು ಗಡಿಯಾರ ನೋಡಲಿಲ್ಲ. ಇದೇ ಆ ದೂರದ ದೇಶದಲ್ಲಿ ಆಗಿದ್ದರೆ? ಭಾಷೆ ಗೊತ್ತಿಲ್ಲದ ಊರಿನಲ್ಲಿ, ಎತ್ತ ಹೋಯಿತೋ ತಿಳಿಯದ ರೈಲಿನಲ್ಲಿ ಅವರು ಮೂವರು, ಇಲ್ಲಿ ತಾನೊಬ್ಬ. ಯಾರ ಹತ್ತಿರ ಹೋಗಿ ಏನಂತ ಕೇಳುವುದು? ನಿಜ ಹೇಳಬೇಕೆಂದರೆ, ಅವರು ಐದು ಸೂಟ್‌ಕೇಸು ಕಟ್ಟಿದ್ದೇ ಭಯಕ್ಕೆ. ಹೊರದೇಶವೆಂದರೆ ಮೇಷ್ಟ್ರಿಗೆ ಮೊದಲಿಂದಲೂ ಪುಕುಪುಕು. ಅದನ್ನು ಹೆಂಡತಿಗೆ ಹೇಳಲು ಸಂಕೋಚವಾಗಿ ಸೀಟಿ ಊದುತ್ತಿದ್ದರು, ಅಷ್ಟೆ.

ಫೋನು ಬಂತು. "ಎಲ್ರೂ ಕ್ಷೇಮ," ಎಂದರು ಮಾಸ್ತರರು. "ವಾಪಸ್ ಗಾಡೀಲಿ ಬರ್ತಾರಂತೆ. ನಿಮ್ಮ ಮನೆಯವರು ಹೇಳಿದ್ದಾರೆ, ಕೂತ ಜಾಗದಿಂದ ಕದಲಬೇಡಿ ಅಂತ."

ಮೇಷ್ಟ್ರು ಕದಲಲಿಲ್ಲ. ಮಾಸ್ತರರು ತರಿಸಿಕೊಟ್ಟ ಟೀ ಕುಡಿದು, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಒಂದೂವರೆ ಗಂಟೆ ಸುಮ್ಮನೆ ಕೂತರು. ಸಾಲು ನಿಲ್ಲಿಸಲು ಯಾರೂ ಇರಲಿಲ್ಲ. ಎರಡು ಪಾರಿವಾಳ ಬಂದವು, ಹೋದವು. ಮೇಷ್ಟ್ರಿಗೆ ಆಶ್ಚರ್ಯ, ಕೂರುವುದು ಅಷ್ಟೇನೂ ಕಷ್ಟವಾಗಿರಲಿಲ್ಲ.

ವಾಪಸ್ ಗಾಡಿ ಬಂದಾಗ ಮಗಳು ಬಾಗಿಲಲ್ಲಿ ನಿಂತು ಕೈಚಾಚಿ ಅವರನ್ನು ಹತ್ತಿಸಿಕೊಂಡಳು. ಒಳಗೆ ಅತ್ತೆ ಕಿಟಕಿ ಪಕ್ಕ ಕೂತು ಅಕ್ಕಪಕ್ಕದವರಿಗೆಲ್ಲ ಅಳಿಯನ ಕಥೆ ಹೇಳಿ ಮುಗಿಸಿದ್ದರು. ಹೊಸ ಮುಖಗಳೆಲ್ಲ ಮೇಷ್ಟ್ರನ್ನು ಅಕ್ಕರೆಯಿಂದ ನೋಡಿದವು.

ಮಾನ ಉಳಿಸಿಕೊಳ್ಳಬೇಕಲ್ಲ! "ಒಂದು ನಿಮಿಷ ಇಪ್ಪತ್ತೆರಡು ಸೆಕೆಂಡು," ಎಂದರು ಮೇಷ್ಟ್ರು. "ಮಾತಿನ ಪ್ರಕಾರ ನಾನೇ ಗೆದ್ದೆ."

"ಗೆದ್ರಿ," ಎಂದರು ಹೆಂಡತಿ. "ಇಳಿಯೋದ್ರಲ್ಲೂ ಪಾಸು, ಹತ್ತೋದ್ರಲ್ಲೂ ಪಾಸು. ನಾನು ಪಾಸು, ಮಗಳು ಪಾಸು, ನಮ್ಮಮ್ಮ ಪಾಸು, ಐದು ಪೆಟ್ಟಿಗೆನೂ ಪಾಸು. ಹಿಂದೆ ಉಳಿದೋರು ಯಾರ್ರೀ?"

ಮೇಷ್ಟ್ರು ಕೆಮ್ಮಿದರು. "ಅಂದ್ರೆ... ಏಳೂರು?"

"ಬುಕ್ ಮಾಡಿ ಆಯ್ತಪ್ಪಾ," ಎಂದಳು ಮಗಳು. "ಅಲ್ಲಿ ಸ್ಟೇಷನ್‌ನಲ್ಲಿ ಕೂತೇ ಮಾಡ್ದೆ. ಸರೋವರದ ಊರು, ಒಂದೇ ಮನೆ, ಹನ್ನೊಂದು ದಿನ. ತಲೆಗೊಂದು ಸಣ್ಣ ಬ್ಯಾಗು, ಅಷ್ಟೇ."

ಮೇಷ್ಟ್ರ ಎದೆಯ ಮೇಲಿಂದ ಐದೂ ಸೂಟ್‌ಕೇಸು ಇಳಿಸಿದ ಹಾಗಾಯಿತು. ಎಷ್ಟು ಖುಷಿಯಾಯಿತೆಂದರೆ, ಅದು ಕಾಣದಿರಲೆಂದು ಹುಬ್ಬು ಗಂಟಿಕ್ಕಬೇಕಾಯಿತು. "ನನ್ನ ಒಂದು ಮಾತು ಕೇಳದೆ?" ಎಂದು ಗದರಿ, ಥಟ್ಟನೆ ಏನೋ ಹೊಳೆದು, "ನಾಲ್ಕು ಜನಕ್ಕೆ ತಾನೇ?" ಎಂದರು.

"ನಾಲ್ಕು ಜನಕ್ಕೇ. ವಿಮಾನದ ಫಾರಂನಲ್ಲಿ ಒಂದು ಪ್ರಶ್ನೆ ಇತ್ತು. ನಿಮ್ಮ ಜೊತೆ ಯಾರಾದ್ರೂ ಕೈಹಿಡಿದು ಕರ್ಕೊಂಡು ಹೋಗಬೇಕಾದವರು ಇದ್ದಾರಾ, ಇದ್ರೆ ನಮ್ಮ ಸಿಬ್ಬಂದಿ ಬರ್ತಾರೆ ಅಂತ. ಇದ್ದಾರೆ ಅಂತ ಹಾಕ್ದೆ."

"ಭೇಷ್!" ಮೇಷ್ಟ್ರು ಮೆಚ್ಚಿ ತಲೆಯಾಡಿಸಿದರು. "ಒಳ್ಳೇ ಕೆಲಸ ಮಾಡಿದೆ ಮಗಳೇ. ವಯಸ್ಸಾದ ಜೀವ, ಅಷ್ಟು ದೊಡ್ಡ ವಿಮಾನ ನಿಲ್ದಾಣ. ಅತ್ತೆಗೆ ಅದು ಬೇಕೇಬೇಕು."

ಹೆಂಡತಿ ಕಿಟಕಿಯಾಚೆ ನೋಡಿದರು. ಮಗಳು ಫೋನು ನೋಡಿದಳು.

"ನನಗ್ಯಾಕೆ ಅಳಿಯಂದ್ರೇ?" ಎಂದರು ಅತ್ತೆ, ಅವರ ಮುಂಗೈಯನ್ನು ಗಟ್ಟಿಯಾಗಿ ಹಿಡಿದು ಪಕ್ಕಕ್ಕೆ ಕೂರಿಸಿಕೊಳ್ಳುತ್ತ. "ಹೆಸರು ನಿಮ್ಮದೇ ಬರೆಸಿದ್ದೀನಿ. ಇಳಿಯೋ ತನಕ ಕೈ ಬಿಡಬೇಡಿ."