ಗೌರಿಯ ಹೆಸರು ಬರೆದುಕೊಂಡದ್ದು

ನನಗೆ ಅಮಲ್ದಾರರೆಂದರೆ ಭಯವಿತ್ತು ಎಂದು ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಚನ್ನಪಟ್ಟಣದ ತಾಲ್ಲೂಕು ಕಚೇರಿಯ ಗುಮಾಸ್ತೆಗಳಿಗೆಲ್ಲ ಅದು ಕೆಲಸದ ಜೊತೆಗೇ ಬರುತ್ತಿತ್ತು. ಆದರೆ ಪ್ರೀತಿಸಿದ ಹುಡುಗಿಗೆ ಅದಕ್ಕಿಂತ ಹೆಚ್ಚು ಹೆದರಬೇಕಾಗುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

ಗೌರಿ ಬೈರಾಪಟ್ಟಣದ ನನ್ನ ಸೋದರಮಾವನ ಮಗಳು. ನಮ್ಮ ಮದುವೆ ನಿಶ್ಚಯವಾಗಿತ್ತು. ಆ ದಿನಗಳಲ್ಲಿ ನಾಡೇ ಎರಡು ಹೋಳು. ಮಹಾರಾಜರ ಸರ್ಕಾರ ಇದ್ದಂತೆಯೇ ಇರಲಿ ಎನ್ನುವವರು ಒಂದು ಕಡೆ, ಪ್ರಜೆಗಳಿಗೆ ಜವಾಬ್ದಾರಿ ಸರ್ಕಾರ ಬೇಕೆನ್ನುವವರು ಇನ್ನೊಂದು ಕಡೆ. ನಾನು ಸರ್ಕಾರದ ಅನ್ನ ತಿನ್ನುವವನು. ಗೌರಿ ಖಾದಿ ಉಡುವವಳು. ಸಿಕ್ಕಾಗ ರಾಜಕೀಯ ಮಾತಾಡಬಾರದೆಂದು ಒಪ್ಪಂದ ಮಾಡಿಕೊಂಡಿದ್ದೆವು. ಅದನ್ನು ಅವಳು ಒಂದು ದಿನವೂ ಪಾಲಿಸಲಿಲ್ಲ.

ಒಂದು ಸಂಜೆ ಅವಳ ಊರಿನ ಮಾವಿನ ತೋಪಿನಲ್ಲಿ ಜವಾಬ್ದಾರಿ ಸರ್ಕಾರ ಬೇಕೆನ್ನುವವರ ಸಭೆ. ಬಂದವರ ಹೆಸರು ಬರೆದು ತರಲು ಅಮಲ್ದಾರರು ನನ್ನನ್ನೇ ಕಳಿಸಿದರು. ಮುಂದಿನ ಸಾಲಿನಲ್ಲೇ ಗೌರಿ! ಅವಳೊಬ್ಬಳನ್ನು ಬಿಟ್ಟು ಎಲ್ಲರನ್ನೂ ಬರೆದುಕೊಂಡೆ. ಸಭೆ ಮುಗಿದದ್ದೇ ಅವಳು ನೇರ ನನ್ನ ಬಳಿಗೆ ಬಂದಳು.

"ಬಾವ, ಆ ಕಾಗ್ದ ಒಸಿ ಕೊಡು."

ಪೂರ್ತಿ ಓದಿದಳು. ಅವಳಿಗೆ ಓದು ಕಲಿಸಿದವನು ನಾನೇ ಎಂಬುದಕ್ಕೆ ಆಗ ಬಹಳ ವ್ಯಥೆಪಟ್ಟೆ.

"ನನ್ ಎಸ್ರು ಎಲ್ಲೈತೆ?"

"ನಿನ್ನನ್ನ ಠಾಣೆಗೆ ಕರೀತಾರೆ ಕಣೇ. ಮಾವ ಏನಂದಾರು?"

"ಮಿಕ್ಕೋರ್ಗೆ ಅಪ್ಪ ಅವ್ವ ಇಲ್ವಾ? ಅವ್ರನ್ನೆಲ್ಲ ಬರ್ದು ನನ್ನೊಬ್ಳನ್ನ ಬಚ್ಚಿಟ್ರೆ, ನಾಳೆ ಅವ್ರ ಮೊಕ ಎಂಗ್ ನೋಡ್ಲಿ? ಬರಿ. ಇಲ್ದಿದ್ರೆ ಮದ್ವೆನೂ ಬ್ಯಾಡ, ಏನೂ ಬ್ಯಾಡ."

ದನಿ ಗಟ್ಟಿಯಾಗಿಯೇ ಇತ್ತು, ಕಣ್ಣು ಮಾತ್ರ ತುಂಬಿತ್ತು. ಬರೆದೆ. ಅವಳು ಅತ್ತ ಹೋದ ಮೇಲೆ ಕೊನೆಯಲ್ಲಿದ್ದ ಆ ಹೆಸರು ಯಾಕೋ ಒಂಟಿಯಾಗಿ ಕಂಡಿತು. ಕೆಳಗೆ ನನ್ನದನ್ನೂ ಬರೆದುಬಿಟ್ಟೆ.

ಮರುದಿನ ಅಮಲ್ದಾರರು ಪಟ್ಟಿ ನೋಡಿ ಕನ್ನಡಕ ತೆಗೆದರು. "ಏನ್ರೀ ಇದು, ನಿಮ್ಮ ಹೆಸರೂ ಇದೆ?"

"ಬಂದವರನ್ನೆಲ್ಲ ಬರೀಬೇಕು ಅಂದಿದ್ರಿ ಸ್ವಾಮಿ. ನಾನೂ ಹೋಗಿದ್ದೆನಲ್ಲ," ಎಂದೆ. ಮೇಜು ಹಿಡಿದುಕೊಂಡಿದ್ದರಿಂದ ಬೀಳಲಿಲ್ಲ.

ಗೌರಿಯನ್ನು ಠಾಣೆಯಲ್ಲಿ ಅರ್ಧ ದಿನ ಕೂರಿಸಿ ಬಿಟ್ಟರು. ನನಗೆ ವಾರದೊಳಗೆ ಮಾಗಡಿಗೆ ವರ್ಗ. ಸುದ್ದಿ ತಿಳಿಸಲು ಜೋಲುಮೋರೆ ಹಾಕಿಕೊಂಡು ಹೋದರೆ, ಅವಳು ನಕ್ಕಳು.

"ಮಾಗಡಿ ಏನ್ ಲಂಡನ್ನಾ? ನಾನೂ ಬತ್ತೀನಿ, ನಡಿ."

ಮದುವೆಯಾಗಿ ಬಂದ ತಿಂಗಳಲ್ಲೇ ನಮ್ಮ ಬೀದಿಯ ಮನೆಮನೆಯಲ್ಲೂ ಚರಕ ತಿರುಗತೊಡಗಿತು. ಈ ಊರಿನಲ್ಲಿ ನನ್ನನ್ನು ಗುಮಾಸ್ತೆ ಎಂದು ಗುರುತಿಸುವವರೇ ಇಲ್ಲ. ನಾನು ಎಲ್ಲರಿಗೂ ಗೌರಮ್ಮನ ಗಂಡ. ಬೀದಿಯಲ್ಲಿ ಯಾರಾದರೂ ಹಾಗೆ ಕೂಗಿದರೆ, ಮೊದಲ ಸಲ ಕೇಳಿಸಿದರೂ ಕೇಳಿಸದವನಂತೆ ಇದ್ದುಬಿಡುತ್ತೇನೆ. ಇನ್ನೊಮ್ಮೆ ಕೂಗಲಿ ಎಂದು.